ಬತ್ತಿದ ಮರಿಯೋಟಿಸ್ ಸರೋವರ ಮತ್ತು ಮೊದಲ ಕ್ರೈಸ್ತ ಸಮುದಾಯಗಳು

ಈಜಿಪ್ಟಿನ ಅಲೆಕ್ಸಾಂಡ್ರಿಯ ಎಂದೊಡನೆ ನಮಗೆ ನೆನಪಾಗುವುದು ಸಮುದ್ರದ ಬಂದರು. ಆದರೆ ಊರಿನ ಹಿಂಬದಿಗೆ, ದಕ್ಷಿಣಕ್ಕೆ, ಮರಿಯೋಟಿಸ್ ಎಂಬ ಸರೋವರವಿತ್ತು. ನೈಲ್ ನದಿಯ ಕಾಲುವೆಗಳು ಅದಕ್ಕೆ ಸಿಹಿನೀರು ತರುತ್ತಿದ್ದವು. ಅದರ ಬಂದರು ಸಮುದ್ರದ ಬಂದರಿಗಿಂತ ಸಿರಿವಂತವಾಗಿತ್ತೆಂದು ಸ್ಟ್ರಾಬೊ ಬರೆದಿದ್ದಾನೆ. ದಡದ ಉದ್ದಕ್ಕೂ ದ್ರಾಕ್ಷಿ ತೋಟಗಳು, ವೈನ್ ತುಂಬುವ ಮಣ್ಣಿನ ಜಾಡಿ ಸುಡುವ ಭಟ್ಟಿಗಳು ಇದ್ದವು.

4ನೇ ಶತಮಾನದಲ್ಲಿ ಇದೇ ಸರೋವರ ಕ್ರೈಸ್ತ ಸನ್ಯಾಸಿಗಳಿಗೆ ದಾರಿಯಾಯಿತು. ಪಲ್ಲಾಡಿಯಸ್ ದೋಣಿಯಲ್ಲಿ ಒಂದೂವರೆ ದಿನದಲ್ಲಿ ಅದನ್ನು ದಾಟಿ ನಿಟ್ರಿಯದ ಬೆಟ್ಟ ಸೇರಿದ. ಅಲ್ಲಿ ಸುಮಾರು 5,000 ಸನ್ಯಾಸಿಗಳು, ಅವರಿಗಾಗಿ ರೊಟ್ಟಿ ಬೇಯಿಸುವ 7 ಬೇಕರಿಗಳು ಇದ್ದವೆಂದು ಅವನ ಲೆಕ್ಕ. ಬಂದ ಅತಿಥಿಗೆ ಒಂದು ವಾರ ಬಿಡುವು. ಆಮೇಲೆ ತೋಟ, ಬೇಕರಿ, ಅಡುಗೆಮನೆಯಲ್ಲಿ ದುಡಿಯಬೇಕು. ಓದಬಲ್ಲ ಹಿರಿಯರ ಕೈಗೆ ಪುಸ್ತಕ ಕೊಡುತ್ತಿದ್ದರು. ಗುಮಾಸ್ತಿಕೆಯಲ್ಲಿ ಬದುಕು ಕಳೆದ ನಮಗೆ ಈ ವ್ಯವಸ್ಥೆ ಬಹಳ ಹಿಡಿಸಿತು!

ಇದಕ್ಕೂ ಮುಂಚೆ, 1ನೇ ಶತಮಾನದಲ್ಲಿ, ಸರೋವರದ ಬಳಿ ಏಕಾಂತದಲ್ಲಿದ್ದ ಥೆರಪ್ಯೂಟೆ ಎಂಬ ಪಂಥದ ಬಗ್ಗೆ ಫಿಲೋ ಬರೆದಿದ್ದ. ಅವರು ಕ್ರೈಸ್ತರೇ ಎಂದು ಯೂಸೀಬಿಯಸ್ ನಂಬಿದ್ದ. ಯಹೂದ್ಯರು ಎಂಬುದು ಇಂದಿನ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಯಾತ್ರಿಕರ ದೊಡ್ಡ ದಾರಿಯೂ ಇದೇ ಸರೋವರ. ಹುತಾತ್ಮ ಮೀನಸ್‌ನ ದೇಹ ಹೊತ್ತ ಒಂಟೆ ಒಂದೆಡೆ ನಿಂತು ಮುಂದಕ್ಕೆ ಹೆಜ್ಜೆಯಿಡಲಿಲ್ಲವಂತೆ, ಅಲ್ಲೇ ಸಮಾಧಿ ಮಾಡಿದರಂತೆ. ಆ ಜಾಗವೇ ಅಬು ಮೀನಾ. ಯಾತ್ರಿಕರು ಅಲೆಕ್ಸಾಂಡ್ರಿಯದಿಂದ ದೋಣಿ ಹತ್ತಿ ದಕ್ಷಿಣ ದಡದ ಫಿಲೋಕ್ಸೆನೈಟ್‌ನಲ್ಲಿ ಇಳಿದು, ಅಲ್ಲಿಂದ ಮರುಭೂಮಿಯ ದಾರಿ ಹಿಡಿಯುತ್ತಿದ್ದರು. ಆ ಊರಿನ ಹೆಸರಿನಲ್ಲೇ ಗ್ರೀಕರ ಅತಿಥಿಸತ್ಕಾರದ ಮಾತು ಅಡಗಿದೆ. ಹಿಂತಿರುಗುವಾಗ, ನಾವು ತೀರ್ಥ ಒಯ್ಯುವ ಹಾಗೆ, ಎರಡು ಒಂಟೆಗಳ ನಡುವೆ ಮೀನಸ್ ನಿಂತ ಚಿತ್ರವಿರುವ ಪುಟ್ಟ ಮಣ್ಣಿನ ಕುಪ್ಪಿಗಳನ್ನು ಒಯ್ಯುತ್ತಿದ್ದರು. ಅವು ದೂರದ ಇಂಗ್ಲೆಂಡಿನಲ್ಲೂ ಸಿಕ್ಕಿವೆ.

ನೈಲ್‌ನ ಕಾನೋಪಿಕ್ ಕವಲಿನಲ್ಲಿ ಹೂಳು ತುಂಬಿ ಸಿಹಿನೀರು ನಿಂತಿತು. ಸರೋವರ ಬತ್ತಿ ಉಪ್ಪಿನ ಬಯಲಾಯಿತು. 1801ರಲ್ಲಿ ಫ್ರೆಂಚರ ವಿರುದ್ಧದ ಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಏರಿ ಕಡಿದು ಸಮುದ್ರದ ನೀರು ನುಗ್ಗಿಸಿತು. ಈಗ ಮರಿಯೂಟ್ ಎಂದು ಕರೆಯುವುದು ಹಳೆಯ ಸರೋವರದ ಕುಗ್ಗಿದ ಉಳಿಕೆ, ಅದೂ ಉಪ್ಪು.

ಅಬು ಮೀನಾವನ್ನು 1905ರಲ್ಲಿ ಕಾರ್ಲ್ ಮರಿಯ ಕಾಫ್‌ಮನ್ ಪತ್ತೆ ಹಚ್ಚಿದರು. 1979ರಲ್ಲಿ ಅದು ಯುನೆಸ್ಕೊ ಪಟ್ಟಿಗೆ, 2001ರಲ್ಲಿ ಅಪಾಯದ ಪಟ್ಟಿಗೆ ಸೇರಿತು. ಸುತ್ತಲ ಹೊಲಗಳಿಗೆ ಹಾಯಿಸಿದ ನೀರಿನಿಂದ ಅಂತರ್ಜಲ ಏರಿ, ಅಡಿಯ ಜೇಡಿಮಣ್ಣು ಮೆತ್ತಗಾಗಿ ಕಟ್ಟಡಗಳು ಕುಸಿಯತೊಡಗಿದವು. ಮೀನಸ್‌ನ ಸಮಾಧಿಯಿರುವ ನೆಲಮಾಳಿಗೆ ಕುಸಿಯದಿರಲೆಂದು ಅದರೊಳಗೆ ಮರಳು ತುಂಬಬೇಕಾಯಿತು.