ಹಲವು ಕೂಸುಗಳು, ಒಬ್ಬ ಪುರುಷ: ದಕ್ಷಿಣ ಭಾರತದ ಸಭೈಕ್ಯ ಮತ್ತು ಬೆಂಗಳೂರಿನ ಹೊರವಲಯ

ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯವನ್ನು ಗ್ರೀಕ್ ಮೂಲದಲ್ಲಿ ಓದುವವರಿಗೆ ವ್ಯಾಕರಣದ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬೋಧನೆಯ ಗಾಳಿಗೆ ಸಿಕ್ಕಿ ಅತ್ತಿತ್ತ ಹೊಯ್ದಾಡುವ ಕೂಸುಗಳು ಅಲ್ಲಿ ಬಹುವಚನದಲ್ಲಿವೆ. ಪೂರ್ಣ ಬೆಳವಣಿಗೆಯನ್ನು ಮುಟ್ಟಬೇಕಾದ ಪುರುಷನಾದರೋ ಏಕವಚನದಲ್ಲಿದ್ದಾನೆ. ಪರಿಪಕ್ವತೆ ಎಂಬುದು ಒಬ್ಬೊಬ್ಬ ಭಕ್ತನು ತನ್ನ ಕೋಣೆಯಲ್ಲಿ ಸಂಪಾದಿಸಿಕೊಳ್ಳುವ ಸ್ವತ್ತಲ್ಲ, ಕ್ರಿಸ್ತನ ದೇಹವು ಒಟ್ಟಾಗಿ ಮುಟ್ಟಬೇಕಾದ ವಯಸ್ಸು. ಅದೇ ವಾಕ್ಯದಲ್ಲಿ ಮನುಷ್ಯರ ವಂಚನೆಯನ್ನು ಹೇಳಲು ಬಳಸಿದ ಪದವು ದಾಳದ ಆಟದಿಂದ ಬಂದದ್ದು. ಮೋಸದ ದಾಳ ಉರುಳಿಸುವವನಿಗೆ, ಪಕ್ಕದಲ್ಲಿ ಎಚ್ಚರಿಸುವವರಿಲ್ಲದ ಒಂಟಿ ಆಟಗಾರನೇ ಬೇಕು.

ಸಾಮಾನ್ಯವಾಗಿ ನಾವು ಈ ಭಾಗವನ್ನು ತಿರುವುಮುರುವಾಗಿ ಓದುತ್ತೇವೆ. ಮೊದಲು ಬೋಧನೆ ಶುದ್ಧವಾಗಲಿ, ಆಮೇಲೆ ಐಕ್ಯವನ್ನು ಕುರಿತು ಯೋಚಿಸೋಣ ಎನ್ನುತ್ತೇವೆ. ನಮ್ಮ ಹಿರಿಯರಲ್ಲಿ ಕೆಲವರು ಹಾಗೆ ಓದಲಿಲ್ಲವೆಂಬುದಕ್ಕೆ ದಕ್ಷಿಣ ಭಾರತ ಸಭೆಯ ಹುಟ್ಟಿನ ಇತಿಹಾಸವೇ ಸಾಕ್ಷಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿನ ಸಭೆಗಳು ಹುಟ್ಟಿದ್ದೇ ಬೇರೆ ಬೇರೆ ತೊಟ್ಟಿಲುಗಳಲ್ಲಿ. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಕೆಲಸವನ್ನು ಆರಂಭಿಸಿದರು. ಬೆಂಗಳೂರು, ಮೈಸೂರುಗಳಲ್ಲಿ ವೆಸ್ಲಿಯನ್ನರು ಬೇರೂರಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಲೂಥರನ್ ಮತ್ತು ರಿಫಾರ್ಮ್ಡ್ ಪರಂಪರೆಗಳವರನ್ನು ಒಂದೇ ಮನೆಯಲ್ಲಿ ಇಟ್ಟುಕೊಂಡಿದ್ದ ಸಂಸ್ಥೆ. ಸಭೈಕ್ಯದ ಮಾತು ಕರಾವಳಿಗೆ ಆ ಮಟ್ಟಿಗೆ ಹೊಸದಲ್ಲ. ಕೋಲಾರ, ಬೀದರಗಳಲ್ಲಿ ಅಮೆರಿಕನ್ ಮೆಥೊಡಿಸ್ಟರಿದ್ದರು. ಒಬ್ಬರ ಹೊಲಕ್ಕೆ ಮತ್ತೊಬ್ಬರು ಕಾಲಿಡದಂತೆ ಮಿಷನ್ನುಗಳು ಗಡಿ ಒಪ್ಪಂದ ಮಾಡಿಕೊಂಡವು. ಇದರಿಂದ ಜಗಳ ತಪ್ಪಿತು. ಆದರೆ ಅದು ಬದುವಿನ ಶಾಂತಿಯೇ ಹೊರತು ಒಕ್ಕಲಿನ ಒಗ್ಗಟ್ಟಲ್ಲ. ಧಾರವಾಡದ ವಿಶ್ವಾಸಿಯು ಧಾರವಾಡದಲ್ಲೇ ಇರುವವರೆಗೆ ಮಾತ್ರ ಆ ವ್ಯವಸ್ಥೆ ಸರಿಯಾಗಿ ನಡೆಯುತ್ತಿತ್ತು. ಅವನು ಊರು ಬಿಟ್ಟು ಹೊರಟನೆಂದರೆ, ಮುಂದಿನ ನಿಲ್ದಾಣದಲ್ಲಿ ಅವನ ಸಭೆ ಇರುತ್ತಿರಲಿಲ್ಲ.

1919ರ ಮೇ 1 ಮತ್ತು 2ರಂದು ತರಂಗಂಬಾಡಿಯಲ್ಲಿ ಕೂಡಿಬಂದವರು ಮೂವತ್ತಮೂರು ಮಂದಿ. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಅವರಲ್ಲಿ ಪ್ರಮುಖರು, 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾಗಿ ದೋರ್ನಕಲ್ಲಿನಲ್ಲಿ ನೇಮಕಗೊಂಡ ವಿ. ಎಸ್. ಅಜರಯ್ಯನವರು. ತಮ್ಮನ್ನು ಬೇರ್ಪಡಿಸಿರುವ ಭೇದಗಳು ತಾವು ಹುಟ್ಟಿಸಿದವಲ್ಲ, ಹೊರಗಿನಿಂದ ಬಂದು ತಮ್ಮ ಮೇಲೆ ಕುಳಿತವು ಎಂಬ ನೋವು ಅವರ ಪ್ರಕಟಣೆಯಲ್ಲಿ ಕೇಳಿಸುತ್ತದೆ. ಮಾತುಕತೆ ಇಪ್ಪತ್ತೆಂಟು ವರ್ಷ ನಡೆಯಿತು. ವೆಸ್ಲಿಯನ್ನರು 1925ರಲ್ಲಿ ಸೇರಿಕೊಂಡರು. ಯೋಜನೆಯ ಮೊದಲ ಕರಡು 1929ರಲ್ಲಿ ಹೊರಬಂತು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸಂತ ಜಾರ್ಜರ ಕತೀಡ್ರಲಿನಲ್ಲಿ ಐಕ್ಯ ಘೋಷಣೆಯಾದಾಗ ಅಜರಯ್ಯನವರು ಇರಲಿಲ್ಲ. 1945ರ ಜನವರಿ 1ರಂದೇ ಅವರು ತೀರಿಕೊಂಡಿದ್ದರು. ಮೈಸೂರು ಸಭಾಪ್ರಾಂತದ ಮೊದಲ ಬಿಷಪರಾದ ಪಿ. ಗುರುಶಾಂತರು ಬಿಷಪ್ ಪದವಿಯೇ ಇಲ್ಲದ ವೆಸ್ಲಿಯನ್ ಪರಂಪರೆಯಿಂದ ಬಂದವರು. ಈ ಒಂದು ಸಂಗತಿಯಲ್ಲಿ ಆ ದಿನದ ಧೈರ್ಯವೆಲ್ಲ ಅಡಗಿದೆ.

ಈ ಐಕ್ಯವನ್ನೇ ದುರ್ಬೋಧನೆಯೆಂದು ಕರೆದವರು ಕಡಿಮೆಯಿರಲಿಲ್ಲ. ಬಿಷಪರ ಹಸ್ತಾರ್ಪಣೆಯಿಲ್ಲದೆ ದೀಕ್ಷೆ ಪಡೆದ ಪಾಲಕರನ್ನು ಹಾಗೆಯೇ ಸ್ವೀಕರಿಸಿದರೆ ಅಪೊಸ್ತಲಿಕ ಪರಂಪರೆ ಮುರಿಯುತ್ತದೆಂದು ಆಂಗ್ಲೋ-ಕ್ಯಾಥೊಲಿಕರು ವಾದಿಸಿದರು. ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಕಿರುಹೊತ್ತಗೆಯನ್ನೇ ಬರೆದರು. ನಂದ್ಯಾಲ ಪ್ರದೇಶದ ಆಂಗ್ಲಿಕನ್ನರಲ್ಲಿ ಒಂದು ಭಾಗ ಐಕ್ಯದಿಂದ ಹೊರಗುಳಿಯಿತು. 1948ರ ಲ್ಯಾಂಬೆತ್ ಸಮ್ಮೇಳನವೂ ಹೊಸ ಸಭೆಗೆ ಪೂರ್ಣ ಸಹಭಾಗಿತ್ವ ನೀಡಲು ಹಿಂಜರಿಯಿತು. ಈ ಆಕ್ಷೇಪಣೆಗಳನ್ನು ಬರಿಯ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತಾವು ಪಡೆದುದನ್ನು ಕಾಪಾಡಬೇಕೆಂಬ ಭಯಭಕ್ತಿ ಅವರಿಗಿತ್ತು. ಆದರೂ ಭೇದಕ್ಕೂ ಭ್ರಷ್ಟತೆಗೂ ನಡುವೆ ಇರುವ ಗೆರೆಯನ್ನು ಅವರು ತಪ್ಪಾದ ಜಾಗದಲ್ಲಿ ಎಳೆದರೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ದಕ್ಷಿಣ ಭಾರತದವರು ಆ ಗೆರೆಯನ್ನು ಎಲ್ಲಿ ಎಳೆದರು? ರಕ್ಷಣೆಗೆ ಬೇಕಾದುದೆಲ್ಲವೂ ಪವಿತ್ರ ಶಾಸ್ತ್ರದಲ್ಲಿದೆ ಎಂಬುದನ್ನೂ, ಅಪೊಸ್ತಲರ ಮತ್ತು ನೈಸಿಯದ ವಿಶ್ವಾಸಪ್ರಮಾಣಗಳನ್ನೂ, ದೀಕ್ಷಾಸ್ನಾನ ಮತ್ತು ಕರ್ತನ ಭೋಜನಗಳನ್ನೂ ಅವರು ಬಿಟ್ಟುಕೊಡಲಿಲ್ಲ. ಬಿಷಪ್ ಪದವಿಯನ್ನು ಸಂವಿಧಾನಬದ್ಧ ರೂಪದಲ್ಲಿ ಒಪ್ಪಿಕೊಂಡರು. ಆದರೆ ಅದಕ್ಕೆ ಇಂಥದ್ದೇ ಅರ್ಥ ಕಟ್ಟಬೇಕೆಂದು ಯಾರನ್ನೂ ಒತ್ತಾಯಿಸಲಿಲ್ಲ. ಎರಡು ಬಗೆಯ ಸೇವಕರೂ ಒಟ್ಟಿಗೆ ಬೆಳೆಯಲೆಂದು ಮೂವತ್ತು ವರ್ಷಗಳ ಕಾಲಾವಕಾಶ ಇಟ್ಟುಕೊಂಡರು. ಇವೆಲ್ಲಕ್ಕಿಂತ ಮಿಗಿಲಾದದ್ದು 'ಪ್ರತಿಜ್ಞೆ' ಎಂದು ಹೆಸರಾದ ಮಾತು: ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ನೋವಾಗುವಂಥ ಆರಾಧನಾಕ್ರಮವನ್ನಾಗಲಿ ಸೇವಕರನ್ನಾಗಲಿ ಹೇರುವುದಿಲ್ಲವೆಂಬ ಭರವಸೆ. ಇದು ಕಾಗದದ ಕಾನೂನಲ್ಲ, ಒಬ್ಬರನ್ನೊಬ್ಬರು ನಂಬಿ ಕೊಟ್ಟ ಮಾತು. ಪ್ರೀತಿಯಿಂದ ಸತ್ಯವನ್ನು ನಡೆಯಿಸುವುದೆಂದರೆ ಏನೆಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಮೊದಲು ತೋರಿಸುವುದು ವ್ಯಾಖ್ಯಾನ ಗ್ರಂಥಗಳನ್ನಲ್ಲ, ಈ ಪ್ರತಿಜ್ಞೆಯನ್ನು.

ಐಕ್ಯವು ಬೋಧನೆಯ ವಿಷಯದಲ್ಲಿ ಸಡಿಲತೆಯನ್ನು ತರುತ್ತದೆಂಬ ಶಂಕೆಗೆ ಅದೇ ಕಾಲದ ಜರ್ಮನಿಯಲ್ಲೊಂದು ಉತ್ತರವಿದೆ. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಲೂಥರನ್, ರಿಫಾರ್ಮ್ಡ್ ಮತ್ತು ಐಕ್ಯ ಸಭೆಗಳ ಪ್ರತಿನಿಧಿಗಳು ಆರು ಪ್ರಬಂಧಗಳನ್ನು ಒಪ್ಪಿ, ಪ್ರತಿಯೊಂದರ ಜೊತೆಗೆ ಒಂದೊಂದು ಸುಳ್ಳುಬೋಧನೆಯನ್ನು ಹೆಸರಿಸಿ ತಿರಸ್ಕರಿಸಿದರು. ಒಂಟಿ ಸಭೆಗಳು ಆಳುವವರ ಮುಂದೆ ಬಾಗಿದ್ದವು. ಕೂಡಿ ನಿಂತವರು ಬಾಯಿಬಿಟ್ಟು ಹೇಳಬಲ್ಲವರಾದರು.

ಈಗ ಬೆಂಗಳೂರಿನ ಅಂಚಿಗೆ ಬರೋಣ. ವೈಟ್‌ಫೀಲ್ಡ್ 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರ ವಸತಿಯಾಗಿ ಹುಟ್ಟಿದ ಊರು. ಅದರ ಹೆಸರು ಡಿ. ಎಸ್. ವೈಟ್ ಅವರದು. ಎಂ. ಎ. ಥಾಮಸ್ ಅವರು 1963ರಲ್ಲಿ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರನ್ನು ಸ್ಥಾಪಿಸಿದಾಗ ಅದಿನ್ನೂ ತೋಟಗಳ ನಡುವಿನ ಹಳ್ಳಿ. ಪಂಗಡಗಳನ್ನು ಮೀರಿದ ಮಾತುಕತೆಗೆ ನಗರದಿಂದ ದೂರದ ಮೌನ ಬೇಕೆಂದು ಆರಿಸಿದ ಜಾಗಕ್ಕೆ ನಗರವೇ ನಡೆದುಕೊಂಡು ಬಂತು. ಪೀಣ್ಯದಲ್ಲಿ ಕಾರ್ಖಾನೆಗಳು ಬೆಳೆದವು, ಕೋನಪ್ಪನ ಅಗ್ರಹಾರದ ಕಡೆ ಎಲೆಕ್ಟ್ರಾನಿಕ್ ಸಿಟಿ ಎದ್ದಿತು, 1990ರ ದಶಕದಲ್ಲಿ ವೈಟ್‌ಫೀಲ್ಡ್ ದಾರಿಯಲ್ಲಿ ಐಟಿ ಪಾರ್ಕ್ ಬಂತು. ಹಳೆಯ ಗಡಿ ಒಪ್ಪಂದದ ಎಲ್ಲ ಹೊಲಗಳ ಮಕ್ಕಳೂ ಈಗ ಒಂದೇ ಪಿಜಿಯ ಮಹಡಿಯಲ್ಲಿದ್ದಾರೆ: ಗದಗ-ಬೆಟಗೇರಿಯ ಬಾಸೆಲ್ ಮನೆತನದವನು, ಬೀದರದ ಮೆಥೊಡಿಸ್ಟ್, ಉಡುಪಿಯವನು, ಬಳ್ಳಾರಿಯವನು. ಇವರನ್ನು ಹುಡುಕಿಕೊಂಡು ಮೊದಲು ಮೆಟ್ಟಿಲು ಹತ್ತಿದವರು ನಾವಲ್ಲ.

ಕೆಲವು ವರ್ಷಗಳ ಹಿಂದೆ ಪೀಣ್ಯದ ಬಳಿ ಒಂದು ಕೋಣೆಯ ಪ್ರಾರ್ಥನೆಗೆ ಹೋಗಿದ್ದೆ. ಲೇತ್ ಯಂತ್ರದ ಮೇಲೆ ಕೆಲಸ ಮಾಡುವ ಒಬ್ಬ ಯುವಕ, ತಂದೆಯ ಆಪರೇಶನ್ನಿಗೆ ಕೂಡಿಟ್ಟ ಹಣವನ್ನು 'ಬಿತ್ತನೆ'ಯೆಂದು ಒಬ್ಬ ಬೋಧಕನಿಗೆ ಕೊಟ್ಟಿದ್ದ; ನೂರ್ಮಡಿ ಫಲ ಬರುವುದೆಂದು ಅವನಿಗೆ ಹೇಳಲಾಗಿತ್ತು. ಫಲ ಬರಲಿಲ್ಲ. ಅವನಲ್ಲಿ ನಂಬಿಕೆ ಸಾಲದ್ದರಿಂದ ಹೀಗಾಯಿತೆಂದು ಆಮೇಲೆ ಹೇಳಲಾಯಿತು. ಬೋಧಕನ ಮೇಲೆ ನನಗೆ ಸಿಟ್ಟು ಬಂತು. ಆದರೆ ಆ ಯುವಕ ಕೇಳಿದ ಪ್ರಶ್ನೆ ಬೇರೆಯದು: ಅಯ್ಯನವರೇ, ನಾನು ಊರು ಬಿಟ್ಟಾಗ ನಮ್ಮ ಪಾಲಕರು ಇಲ್ಲಿಯ ಯಾರಿಗೂ ನನ್ನ ವಿಷಯ ಏಕೆ ತಿಳಿಸಲಿಲ್ಲ? ದುರ್ಬೋಧನೆಯನ್ನು ಕುರಿತ ನಮ್ಮ ಪ್ರಬಂಧಗಳಲ್ಲಿ ಈ ಪ್ರಶ್ನೆ ಬಹಳ ಅಪರೂಪ. ಸಿಂಹಾಸನ ಯಾರದು, ಆಸ್ತಿಯ ಪತ್ರ ಯಾರ ಹೆಸರಿನಲ್ಲಿ, ಚುನಾವಣೆಯಲ್ಲಿ ಯಾವ ಬಣ ಎಂಬವುಗಳಲ್ಲಿ ಮುಳುಗಿರುವ ಸಭೆಗೆ ವರ್ಗಪತ್ರ ಬರೆಯುವ ಬಿಡುವಿಲ್ಲ. 1947ರ ಐಕ್ಯದ ವಾರಸುದಾರರೆಂದು ಹೇಳಿಕೊಳ್ಳುವ ನಮಗೆ ನೆರೆಯ ಮೆಥೊಡಿಸ್ಟ್ ಪಾಲಕನ ಫೋನ್ ನಂಬರ್ ಗೊತ್ತಿಲ್ಲ.

ಹೊಸ ಸಭೆಯು 1950ರಲ್ಲಿ ತನ್ನ ಕರ್ತನ ಭೋಜನದ ಕ್ರಮವನ್ನು ಹೊರತಂದಾಗ ಅದರಲ್ಲಿ ಹಳೆಯದೊಂದು ಆಚಾರವನ್ನು ಮತ್ತೆ ಬಳಕೆಗೆ ತಂದಿತು: ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವುದು. ಪೀಣ್ಯದ ಆ ಕೋಣೆಯಲ್ಲಿ ಆ ರಾತ್ರಿ ನಾವು ಏಳು ಜನರಿದ್ದೆವು, ನಾಲ್ಕು ಸಭೆಗಳವರು. ಸಮಾಧಾನ ಕೊಡುವಾಗ ಆ ಯುವಕನ ಕೈಗೆ ಇನ್ನೂ ಎಣ್ಣೆಯ ವಾಸನೆ ಇತ್ತು. ಮರುದಿನ ಅವನ ಊರಿನ ಪಾಲಕರಿಗೆ ಪತ್ರ ಬರೆದೆ.