ಗಾರ್ಗಾಯ್ಲ್

ಗಾಥಿಕ್ ಕೆಥೀಡ್ರಲ್‌ಗಳ ಸೂರಿನಂಚಿನಿಂದ ಕತ್ತು ಚಾಚಿ ಬಾಯ್ದೆರೆದಿರುವ ಕಲ್ಲಿನ ಮೃಗಗಳ ಹೆಸರು ಇದು. ಗಂಟಲು ಎಂಬರ್ಥದ ಹಳೆಯ ಫ್ರೆಂಚ್ ಪದ ‘ಗಾರ್ಗೂಯ್’ನಿಂದ ಬಂದದ್ದು, ಗಂಟಲಲ್ಲಿ ನೀರು ಗಳಗಳ ಎನ್ನುವ ಸದ್ದೇ ಅದರ ಬೇರು. ಹೆಸರಿಗೆ ತಕ್ಕ ಕೆಲಸ: ಬೆನ್ನ ಮೇಲಿನ ತೋಡಿನಲ್ಲಿ ಹರಿದುಬಂದ ಮಳೆನೀರನ್ನು ಗೋಡೆಯಿಂದ ದೂರಕ್ಕೆ ಉಗುಳುವುದು. ಇಲ್ಲದಿದ್ದರೆ ಕಲ್ಲುಗಳ ನಡುವಿನ ಗಾರೆ ತೊಳೆದುಹೋದೀತು.

ಪ್ಯಾರಿಸ್ಸಿನ ನೋತ್ರ್ ದಾಮ್ ಮೇಲೆ ಗಲ್ಲಕ್ಕೆ ಕೈಕೊಟ್ಟು ಊರು ನೋಡುವ ಕೊಂಬಿನ ಪಿಶಾಚಿ ಮಾತ್ರ ಗಾರ್ಗಾಯ್ಲ್ ಅಲ್ಲ. ಅದು ಮಧ್ಯಯುಗದ್ದೂ ಅಲ್ಲ. 19ನೇ ಶತಮಾನದ ಜೀರ್ಣೋದ್ಧಾರದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಸೇರಿಸಿದ ಅಲಂಕಾರ. ಅದರ ಬಾಯಿಂದ ಹನಿ ನೀರೂ ಬೀಳದು. ಅಂಥವಕ್ಕೆ ಶಿಮೇರಾ ಎನ್ನಬೇಕು. ಪೋಸ್ಟ್‌ಕಾರ್ಡ್ ಮಾರುವವರು ಒಪ್ಪಲಿಕ್ಕಿಲ್ಲ.