ಸ್ಮಾರ್ಟ್ ಪ್ಲಗ್ ಕೊಳ್ಳುವ ಮುನ್ನ: ಕರೆಂಟ್ ಹೋಗಿ ಬಂದಾಗ ಅದೇನು ಮಾಡುತ್ತೆ ಅಂತ ಮೊದಲು ಕೇಳಿ

ಬೆಳಗ್ಗೆ 5ಕ್ಕೆ ಗೀಸರ್ ತಾನಾಗಿಯೇ ಆನ್, 5.30ಕ್ಕೆ ಆಫ್. ಸಂಜೆ 6.30ಕ್ಕೆ ಅಂಗಡಿ ಬೋರ್ಡಿನ ಲೈಟ್ ಆನ್, ರಾತ್ರಿ 10ಕ್ಕೆ ಆಫ್. ಇಂಥ ಕೆಲಸಕ್ಕೆ ಸ್ಮಾರ್ಟ್ ಪ್ಲಗ್ ಹಾಕಿಸುವವರು ಈಗ ತಾಲ್ಲೂಕು ಕೇಂದ್ರಗಳಲ್ಲೂ ಇದ್ದಾರೆ. ಆನ್‌ಲೈನ್‌ನಲ್ಲಂತೂ ಹತ್ತಾರು ಬಗೆ ಸಿಗುತ್ತವೆ. ಬಾಕ್ಸ್ ಮೇಲೆ ಬರೆದಿರುವ ಸೌಲಭ್ಯಗಳೆಲ್ಲ ಕರೆಂಟ್ ಮತ್ತು ಇಂಟರ್ನೆಟ್ ಎರಡೂ ಸದಾ ಇರುವ ಮನೆಯ ಲೆಕ್ಕ. ಎರಡೂ ಆಗಾಗ ಹೋಗಿ ಬರುವ ಊರಲ್ಲಿ ಲೆಕ್ಕವೇ ಬೇರೆ. ಏನು ನೋಡಿ ಕೊಳ್ಳಬೇಕು, ಯಾವುದಕ್ಕೆ ಹಾಕಬಾರದು, ಹಾಕಿದ ಮೇಲೆ ಹೇಗೆ ಪರೀಕ್ಷೆ ಮಾಡಬೇಕು ಎಂಬ ಮಾಹಿತಿ ಇಲ್ಲಿದೆ.

ಒಳಗೆ ಏನಿರುತ್ತೆ?

ಸ್ಮಾರ್ಟ್ ಪ್ಲಗ್ ಅಂದರೆ ಗೋಡೆಯ ಸಾಕೆಟ್ ಮತ್ತು ಉಪಕರಣದ ನಡುವೆ ಕೂರುವ ಸ್ವಿಚ್. ಒಳಗೆ ರಿಲೇ ಎಂಬ ಪುಟ್ಟ ಸ್ವಿಚ್ಚು, ಅದಕ್ಕೆ ಆಜ್ಞೆ ಕೊಡುವ ವೈಫೈ ಚಿಪ್ಪು ಇರುತ್ತವೆ. ಮೊಬೈಲ್ ಆ್ಯಪ್‌ನಲ್ಲಿ ಟೈಮ್ ಹಾಕಿದರೆ ಆ ಹೊತ್ತಿಗೆ ರಿಲೇ ಆನ್ ಅಥವಾ ಆಫ್ ಆಗುತ್ತದೆ.

ಎರಡು ವಿಷಯ ನೆನಪಿರಲಿ. ಒಂದು, ಬಹುತೇಕ ಪ್ಲಗ್‌ಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಹೊಸ ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಹೆಸರಿಗೆ ಸೇರಿಸಲು ಹೋಗಿ ‘ಪೀಸೇ ಸರಿ ಇಲ್ಲ’ ಅಂತ ವಾಪಸ್ ಕೊಡುವವರಿದ್ದಾರೆ. ಎರಡು, ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ಮನೆಯಲ್ಲಿ ಯಾರಾದರೂ ಅಭ್ಯಾಸಬಲದಿಂದ ಅದನ್ನು ಆಫ್ ಮಾಡಿದರೆ ಸ್ಮಾರ್ಟ್ ಪ್ಲಗ್ಗೂ ಮಲಗಿತು, ಶೆಡ್ಯೂಲೂ ಮಲಗಿತು. ಪ್ಲಗ್ ಮೇಲೆಯೇ ಕೈಯಿಂದ ಒತ್ತುವ ಬಟನ್ ಇರುವುದನ್ನು ತೆಗೆದುಕೊಂಡರೆ ಮೊಬೈಲ್ ಬಳಸದ ಹಿರಿಯರಿಗೂ ಅನುಕೂಲ.

ಮೊದಲು ಆಂಪಿಯರ್ ನೋಡಿ

ನಮ್ಮಲ್ಲಿ ಕರೆಂಟ್ 230 ವೋಲ್ಟ್. ಅದನ್ನು ಪ್ಲಗ್‌ನ ಆಂಪಿಯರ್‌ನಿಂದ ಗುಣಿಸಿದರೆ ಎಷ್ಟು ವಾಟ್ ತಡೆಯುತ್ತದೆ ಎಂದು ಗೊತ್ತಾಗುತ್ತದೆ.

- 6 ಆಂಪಿಯರ್: 1,380 ವಾಟ್
- 10 ಆಂಪಿಯರ್: 2,300 ವಾಟ್
- 16 ಆಂಪಿಯರ್: 3,680 ವಾಟ್

ಇದು ಗರಿಷ್ಠ ಮಿತಿ. ತುಂಬಾ ಹೊತ್ತು ಓಡುವ ಉಪಕರಣಕ್ಕೆ ಅಂಚಿನವರೆಗೂ ಹೋಗಬಾರದು. 2,000 ವಾಟ್‌ನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 3,000 ವಾಟ್‌ನದ್ದು 13 ಆಂಪಿಯರ್. ಹಾಗಾಗಿ ಗೀಸರ್‌ಗೆ 16 ಆಂಪಿಯರ್ ಪ್ಲಗ್ಗೇ ಬೇಕು. ಅದು ಕೂರುವ ಸಾಕೆಟ್, ಅದಕ್ಕೆ ಬಂದಿರುವ ವೈರ್ ಕೂಡ ಅಷ್ಟೇ ಸಾಮರ್ಥ್ಯದ್ದಾಗಿರಬೇಕು. ದಪ್ಪ ಪಿನ್ನನ್ನು ಸಣ್ಣ ಸಾಕೆಟ್‌ಗೆ ಇಳಿಸುವ ಕನ್ವರ್ಟರ್ ಹಾಕಿ ಗೀಸರ್ ಓಡಿಸುವುದು ಬೇಡವೇ ಬೇಡ. ಬಿಸಿಯಾಗಿ ಕರಗುವುದು ಆ ಜಾಗವೇ.

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇಷ್ಟೇ: “ಅಣ್ಣಾ, ಇದು ಎಷ್ಟು ಆಂಪಿಯರ್‌ದು? ಪೀಸಿನ ಮೇಲೆ ಬರೆದಿದೆಯಾ ತೋರಿಸಿ.” ಬಾಕ್ಸ್ ಮೇಲೆ 16 ಅಂತಿದ್ದು, ಪೀಸಿನ ಹಿಂಭಾಗದಲ್ಲಿ 10 ಅಂತಿದ್ದರೆ ಪೀಸಿನ ಮೇಲಿರುವುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಳೆಯ ಮನೆಗಳಲ್ಲಿ ಸಾಕೆಟ್‌ಗೆ ಅರ್ಥಿಂಗ್ ಇಲ್ಲದೇ ಇರಬಹುದು. ಪ್ಲಗ್ ಎಷ್ಟೇ ಸ್ಮಾರ್ಟ್ ಆದರೂ ಆ ಕೊರತೆ ತುಂಬುವುದಿಲ್ಲ. ಗೀಸರ್ ಸಾಲಿಗೆ ಅರ್ಥಿಂಗ್, ಎಂಸಿಬಿ, ಆರ್‌ಸಿಸಿಬಿ ಇದೆಯೇ ಅಂತ ಎಲೆಕ್ಟ್ರಿಷಿಯನ್‌ರಿಂದ ಮೊದಲು ನೋಡಿಸಿ.

ಇವುಗಳಿಗೆ ಹಾಕಬೇಡಿ

ನೀರಿನ ಮೋಟರ್: ಸಂಪಿನಿಂದ ಟ್ಯಾಂಕ್‌ಗೆ ಏರಿಸುವ 1 ಎಚ್‌ಪಿ ಮೋಟರ್ 746 ವಾಟ್ ತಾನೆ, 10 ಆಂಪಿಯರ್ ಪ್ಲಗ್ ಸಾಕು ಅನ್ನಿಸಬಹುದು. ಆದರೆ ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದ್ದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ರಿಲೇ ಒಳಗೆ ಕಿಡಿ ಹಾರಿ ಕಾಂಟ್ಯಾಕ್ಟ್‌ಗಳು ಅಂಟಿಕೊಳ್ಳಬಹುದು. ಹಾಗಾದರೆ ಆ್ಯಪ್ ‘ಆಫ್’ ಅಂತ ತೋರಿಸುತ್ತಿರುತ್ತೆ, ಮೋಟರ್ ಮಾತ್ರ ಓಡುತ್ತಲೇ ಇರುತ್ತೆ. ಸಂಪಿನಲ್ಲಿ ನೀರು ಮುಗಿದರೂ ಪ್ಲಗ್‌ಗೆ ಗೊತ್ತಾಗುವುದಿಲ್ಲ; ಮೋಟರ್ ಒಣಗಿ ಓಡಿ ಸುಡುತ್ತದೆ. ಮೋಟರ್‌ಗೆ ಸ್ಟಾರ್ಟರ್ ಮತ್ತು ವಾಟರ್ ಲೆವೆಲ್ ಕಂಟ್ರೋಲರ್ರೇ ಸರಿ.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ರೂಮ್ ಹೀಟರ್: ಹತ್ತಿರ ಜನ ಇಲ್ಲದಾಗ ಇವು ಆನ್ ಆಗಲೇಬಾರದು. ಬಕೆಟ್‌ನಲ್ಲಿ ನೀರಿಲ್ಲದಿದ್ದರೂ ಶೆಡ್ಯೂಲ್ ಕಾಯಿಲನ್ನು ಆನ್ ಮಾಡಿಬಿಡುತ್ತದೆ.

ಅಂಗಡಿಯ ಹಾಲು, ಐಸ್‌ಕ್ರೀಮ್ ಫ್ರೀಜರ್ ಮತ್ತು ಔಷಧ ಇಡುವ ಫ್ರಿಜ್: ರಾತ್ರಿ ಆಫ್ ಆಗಿ ಬೆಳಗ್ಗೆ ಆನ್ ಆಗದೇ ಉಳಿದರೆ ಮಾಲು ಪೂರ್ತಿ ಹಾಳು. ಮೆಡಿಕಲ್ ಸ್ಟೋರ್‌ನ ಇನ್ಸುಲಿನ್ ಆದರೆ ರೋಗಿಗೇ ತೊಂದರೆ. ನಾಲ್ಕು ಕಾಸು ಉಳಿಸಲು ಇಲ್ಲಿ ಪ್ರಯೋಗ ಬೇಡ.

ಬೋರ್ಡಿನ ಎಲ್‌ಇಡಿ, ಅಕ್ವೇರಿಯಂ ಲೈಟ್, ಸೊಳ್ಳೆ ಓಡಿಸುವ ಲಿಕ್ವಿಡ್ ಮಷೀನ್, ಟೇಬಲ್ ಫ್ಯಾನ್, ಮೊಬೈಲ್ ಚಾರ್ಜರ್, ದೇವರ ಮನೆಯ ದೀಪದ ಸರ ಇಂಥವಕ್ಕೆ ಧಾರಾಳವಾಗಿ ಬಳಸಬಹುದು.

ಕರೆಂಟ್ ಹೋಗಿ ಬಂದಾಗ

ನಮ್ಮ ಊರುಗಳಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಕರೆಂಟ್ ವಾಪಸ್ ಬಂದಾಗ ಪ್ಲಗ್ ಮೂರರಲ್ಲಿ ಒಂದು ಕೆಲಸ ಮಾಡುತ್ತದೆ: ಆಫ್ ಆಗಿಯೇ ಇರುತ್ತದೆ, ಆನ್ ಆಗುತ್ತದೆ, ಇಲ್ಲವೇ ಹೋಗುವ ಮೊದಲು ಹೇಗಿತ್ತೋ ಹಾಗೆ ಆಗುತ್ತದೆ. ಒಳ್ಳೆಯ ಪ್ಲಗ್‌ಗಳ ಆ್ಯಪ್‌ನಲ್ಲಿ ಇದನ್ನು ನಾವೇ ಆರಿಸಬಹುದು. ಗೀಸರ್‌ಗೆ ‘ಆಫ್’ ಎಂದೇ ಇಡಿ. ರೂಟರ್, ಸಿಸಿಟಿವಿಯಂಥವಕ್ಕೆ ‘ಆನ್’. ಈ ಆಯ್ಕೆಯೇ ಇಲ್ಲದ ಪ್ಲಗ್ ಬೇಡ.

ಎರಡನೆಯದು ಗಡಿಯಾರ. ಹೆಚ್ಚಿನ ಸ್ಮಾರ್ಟ್ ಪ್ಲಗ್‌ಗಳಲ್ಲಿ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋದ ಕೂಡಲೇ ಅದಕ್ಕೆ ಟೈಮ್ ಮರೆತುಹೋಗುತ್ತದೆ. ಕರೆಂಟ್ ಬಂದ ಮೇಲೆ ಇಂಟರ್ನೆಟ್‌ನಿಂದಲೇ ಮತ್ತೆ ಟೈಮ್ ತಿಳಿಯಬೇಕು. ಬಿರುಗಾಳಿಗೆ ಕರೆಂಟ್ ಜೊತೆ ಫೈಬರ್ ಕೇಬಲ್ಲೂ ಕಿತ್ತುಹೋದ ದಿನ ಕರೆಂಟ್ ಮೊದಲು ಬರುತ್ತೆ, ನೆಟ್ ಮರುದಿನ ಬರುತ್ತೆ. ನಡುವಿನ ಹೊತ್ತಲ್ಲಿ ಶೆಡ್ಯೂಲ್ ನಂಬುವಂತಿಲ್ಲ.

ಮೂರನೆಯದು, ಶೆಡ್ಯೂಲ್ ಎಲ್ಲಿ ಉಳಿಯುತ್ತದೆ ಎಂಬುದು. ಕೆಲವು ಪ್ಲಗ್‌ಗಳು ಅದನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತವೆ. ಕೆಲವಕ್ಕೆ ಪ್ರತಿ ಸಲವೂ ಕಂಪನಿಯ ಸರ್ವರ್‌ನಿಂದ ಆಜ್ಞೆ ಬರಬೇಕು. ಮೊದಲನೆಯದೇ ಮೇಲು. ‘ಆಫ್ ಮಾಡು’ ಎಂಬ ಆಜ್ಞೆ ಬರುವ ಹೊತ್ತಿಗೆ ನೆಟ್ ಇಲ್ಲದಿದ್ದರೆ ಗೀಸರ್ ಆನ್ ಆಗಿಯೇ ಉಳಿಯುತ್ತದಲ್ಲ!

ಕಳ್ಳನ ಕೈಗೆ ಸ್ವಿಚ್ ಕೊಡಬೇಡಿ

ಇಂಟರ್ನೆಟ್‌ಗೆ ಸೇರಿದ ಸ್ವಿಚ್ಚನ್ನು ಇಂಟರ್ನೆಟ್‌ನಿಂದ ಬೇರೆಯವರೂ ತಲುಪಬಹುದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದೇ ಬಿಟ್ಟಿದ್ದ ಕ್ಯಾಮೆರಾ, ರೂಟರ್, ಡಿವಿಆರ್‌ಗಳಿಗೆ ನುಗ್ಗಿತು. ಅವನ್ನೇ ಸೈನ್ಯ ಮಾಡಿಕೊಂಡು ಅದೇ ವರ್ಷ ಅಕ್ಟೋಬರ್ 21ರಂದು ನಡೆಸಿದ ದಾಳಿಗೆ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಅಮೆರಿಕದಲ್ಲಿ ಗಂಟೆಗಟ್ಟಲೆ ತತ್ತರಿಸಿದವು. ಮನೆಯ ಮಟ್ಟಿಗೆ ಅಪಾಯ ಇನ್ನೂ ನೇರ: ಯಾವಾಗ ಲೈಟ್ ಹತ್ತುತ್ತೆ, ಯಾವಾಗ ಮನೆ ಖಾಲಿ ಅನ್ನುವುದು ಶೆಡ್ಯೂಲ್ ನೋಡಿದವರಿಗೆ ಗೊತ್ತಾಗುತ್ತದೆ.

ಮಾಡಬೇಕಾದ್ದು ಇಷ್ಟು:

- ರೂಟರ್‌ನ ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸಿ.
- ಪ್ಲಗ್‌ಗಳನ್ನು ರೂಟರ್‌ನ ಗೆಸ್ಟ್ ನೆಟ್‌ವರ್ಕ್‌ಗೆ ಸೇರಿಸಿ. ಅಂಗಡಿಯಲ್ಲಿ ಗಿರಾಕಿಗಳಿಗೆ ಕೊಡುವ ವೈಫೈ, ಬಿಲ್ಲಿಂಗ್ ಕಂಪ್ಯೂಟರ್‌ನ ವೈಫೈ ಮತ್ತು ಪ್ಲಗ್‌ನ ವೈಫೈ ಒಂದೇ ಆಗಿರಬಾರದು.
- ಆ್ಯಪ್‌ಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಒಟಿಪಿ ಕೇಳುವ ಎರಡು ಹಂತದ ಲಾಗಿನ್ ಇದ್ದರೆ ಆನ್ ಮಾಡಿ.
- ಪ್ಲಗ್‌ನ ಆ್ಯಪ್ ಕಾಂಟ್ಯಾಕ್ಟ್ಸ್, ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ ಕೊಡಬೇಡಿ. ಸ್ವಿಚ್ ಹಾಕಲು ಅದರ ಅಗತ್ಯವಿಲ್ಲ.
- ಕೆಲಸದ ಹುಡುಗರಿಗೆ ನಿಮ್ಮ ಪಾಸ್‌ವರ್ಡ್ ಹೇಳುವ ಬದಲು ಆ್ಯಪ್‌ನ ಶೇರ್ ಸೌಲಭ್ಯ ಬಳಸಿ. ಕೆಲಸ ಬಿಟ್ಟ ದಿನವೇ ತೆಗೆದುಹಾಕಿ.
- ಪ್ಲಗ್ ಮಾರುವಾಗ, ಬಾಡಿಗೆ ಮನೆ ಬಿಡುವಾಗ ರಿಸೆಟ್ ಮಾಡಿ.

ಕಂಪನಿ ಬಾಗಿಲು ಹಾಕಿದರೆ?

ಅಮೆರಿಕದ ಇನ್‌ಸ್ಟಿಯಾನ್ ಕಂಪನಿಯ ಸರ್ವರ್‌ಗಳು 2022ರ ಏಪ್ರಿಲ್‌ನಲ್ಲಿ ಹೇಳದೆ ಕೇಳದೆ ಬಂದ್ ಆದವು. ದುಡ್ಡು ಕೊಟ್ಟು ಕೊಂಡವರ ಆ್ಯಪ್‌ಗಳು ರಾತ್ರೋರಾತ್ರಿ ಸತ್ತವು. ಬೆಲ್ಕಿನ್ ಕಂಪನಿಯ ವೀಮೋ ಮಿನಿ ಪ್ಲಗ್‌ನ ಒಂದು ಮಾದರಿಯಲ್ಲಿ 2023ರಲ್ಲಿ ಭದ್ರತಾ ಲೋಪ ಪತ್ತೆಯಾದಾಗ, ಅದು ಹಳೆಯ ಮಾದರಿ, ಸರಿಪಡಿಸುವುದಿಲ್ಲ ಎಂದಿತ್ತು ಕಂಪನಿ. ದೊಡ್ಡ ಹೆಸರಿನ ಕಥೆಯೇ ಹೀಗಾದರೆ, ಹೆಸರೇ ಕೇಳದ 300 ರೂಪಾಯಿಯ ಪ್ಲಗ್‌ಗೆ ಅಪ್‌ಡೇಟ್ ಎಲ್ಲಿಂದ ಬರಬೇಕು?

ಹಾಗಾಗಿ ಆ್ಯಪ್ ಕೊನೆಯದಾಗಿ ಯಾವಾಗ ಅಪ್‌ಡೇಟ್ ಆಗಿದೆ ಅಂತ ಪ್ಲೇ ಸ್ಟೋರ್‌ನಲ್ಲಿ ನೋಡಿ. ವರ್ಷಗಟ್ಟಲೆ ಆಗಿಲ್ಲದಿದ್ದರೆ ಬಿಡಿ. 2022ರ ಅಕ್ಟೋಬರ್‌ನಲ್ಲಿ ಬಂದ ‘ಮ್ಯಾಟರ್’ ಎಂಬ ಗುಣಮಟ್ಟದ ಗುರುತು ಇದ್ದರೆ ಒಳ್ಳೆಯದು. ಅಂಥ ಪ್ಲಗ್‌ಗಳು ಬೇರೆ ಕಂಪನಿಗಳ ವ್ಯವಸ್ಥೆಯೊಂದಿಗೂ, ಮನೆಯ ನೆಟ್‌ವರ್ಕ್ ಒಳಗೇ ಕೆಲಸ ಮಾಡಬಲ್ಲವು.

ಗುರುತು, ಬಿಲ್ಲು, ದೂರು

ಪ್ಲಗ್ ಮತ್ತು ಸಾಕೆಟ್‌ಗೆ ಭಾರತೀಯ ಗುಣಮಟ್ಟ ಐಎಸ್ 1293. ಪೀಸಿನ ಮೇಲೆ ಐಎಸ್‌ಐ ಗುರುತಿದ್ದರೆ ಅದರ ಜೊತೆಗಿರುವ ಲೈಸೆನ್ಸ್ ನಂಬರನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ. ನಂಬರ್ ಬೇರೆ ಕಂಪನಿಯ ಹೆಸರು ತೋರಿಸಿದರೆ ಮಾಲು ನಕಲಿ ಎಂದೇ ಅನುಮಾನಿಸಿ. ಜಿಎಸ್‌ಟಿ ಬಿಲ್ ಇಲ್ಲದೆ ಕೊಳ್ಳಬೇಡಿ. ವಾರಂಟಿಗೂ ದೂರಿಗೂ ಅದೇ ಆಧಾರ. ಮೋಸ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮಾರುವ ಅಂಗಡಿಯವರಿಗೂ ಇದು ಮುಖ್ಯ: ಪೀಸ್ ಸುಟ್ಟರೆ ಗಿರಾಕಿ ಬರುವುದು ಆನ್‌ಲೈನ್ ಕಂಪನಿಯ ಬಳಿಗಲ್ಲ, ನಿಮ್ಮ ಗಲ್ಲಾಪೆಟ್ಟಿಗೆಯ ಮುಂದೆ.

ಉಳಿತಾಯ ಎಷ್ಟು?

2,000 ವಾಟ್ ಗೀಸರ್ ಉರಿಯುವ ಸಮಯ ದಿನಕ್ಕೆ 15 ನಿಮಿಷ ಕಡಿಮೆಯಾದರೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ, ಅಂಚಿನಲ್ಲಿರುವ ಮನೆಗಳಿಗೆ ಇದು ಸಣ್ಣದಲ್ಲ. ಆದರೆ 9 ವಾಟ್ ಎಲ್‌ಇಡಿ ಬಲ್ಬ್‌ಗೆ ಹಾಕಿ ದೊಡ್ಡ ಉಳಿತಾಯ ನಿರೀಕ್ಷಿಸಬೇಡಿ. ಪ್ಲಗ್ ತಾನೇ 1 ವಾಟ್ ಎಳೆದರೂ ವರ್ಷಕ್ಕೆ ಸುಮಾರು 9 ಯೂನಿಟ್ ಆಗುತ್ತದೆ.

ಮನೆಗೆ ತಂದ ಮೇಲೆ ಮೂರು ಪರೀಕ್ಷೆ

ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಇವನ್ನು ಮಾಡಿ. ಮೊದಲ ಎರಡಕ್ಕೆ ಒಂದು ಬಲ್ಬ್ ಸಾಕು.

1. ಐದು ನಿಮಿಷದ ನಂತರಕ್ಕೆ ಶೆಡ್ಯೂಲ್ ಹಾಕಿ, ರೂಟರ್ ಆಫ್ ಮಾಡಿ. ಟೈಮ್‌ಗೆ ಸರಿಯಾಗಿ ಬಲ್ಬ್ ಹತ್ತಿದರೆ ಶೆಡ್ಯೂಲ್ ಪ್ಲಗ್ ಒಳಗೇ ಇದೆ ಎಂದರ್ಥ.
2. ಬಲ್ಬ್ ಉರಿಯುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ನೀವು ಆ್ಯಪ್‌ನಲ್ಲಿ ಆರಿಸಿದಂತೆಯೇ ನಡೆದುಕೊಳ್ಳುತ್ತದೆಯೇ ನೋಡಿ.
3. ಗೀಸರ್‌ಗೆ ಹಾಕಿದ್ದರೆ ಮೊದಲ ದಿನ ಅರ್ಧ ಗಂಟೆ ಎದುರಿಗೇ ಇದ್ದು ಓಡಿಸಿ. ಗೀಸರ್ ಮತ್ತು ಗೋಡೆಯ ಸ್ವಿಚ್ ಎರಡನ್ನೂ ಆಫ್ ಮಾಡಿ, ಪ್ಲಗ್‌ನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ, ಸುಟ್ಟ ವಾಸನೆ ಬಂದರೆ, ಸಾಕೆಟ್ ಸುತ್ತ ಹಳದಿ ಬಣ್ಣ ತಿರುಗಿದರೆ ಮತ್ತೆ ಬಳಸಬೇಡಿ.

ಇನ್ನೊಂದು ಮಾತು: ಆ್ಯಪ್‌ನಲ್ಲಿ ‘ಆಫ್’ ಅಂತ ಇರುವುದನ್ನು ನಂಬಿ ಗೀಸರ್ ರಿಪೇರಿಗೆ ಕೈ ಹಾಕಬೇಡಿ. ಸಾಕೆಟ್‌ನ ವೈರಿಂಗ್ ಅದಲುಬದಲಾಗಿದ್ದರೆ ಆಫ್ ಆದಾಗಲೂ ಕರೆಂಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೆಯೇ ಕೆಲಸ.

ದಿನಾ ಒಂದೇ ಹೊತ್ತಿಗೆ ಅಂಗಡಿ ಬೋರ್ಡ್ ಲೈಟ್ ಹಾಕಿ ಆರಿಸುವುದಷ್ಟೇ ಬೇಕಿದ್ದರೆ, ಒಳಗೆ ಬ್ಯಾಟರಿ ಇರುವ ಸಾದಾ ಡಿಜಿಟಲ್ ಟೈಮರ್ ಸ್ವಿಚ್ಚೇ ಸಾಕು. ಅದಕ್ಕೆ ವೈಫೈ ಬೇಡ, ಪಾಸ್‌ವರ್ಡ್ ಬೇಡ, ಕರೆಂಟ್ ಹೋದರೂ ಟೈಮ್ ಮರೆಯುವುದಿಲ್ಲ. ದೂರದಿಂದ ಆನ್-ಆಫ್ ಮಾಡುವ ಅಗತ್ಯ, ಯೂನಿಟ್ ಲೆಕ್ಕ ನೋಡುವ ಅಗತ್ಯ ನಿಜವಾಗಿ ಇದ್ದವರು ಮಾತ್ರ ಸ್ಮಾರ್ಟ್ ಪ್ಲಗ್‌ಗೆ ಹೆಚ್ಚಿನ ದುಡ್ಡು ಕೊಟ್ಟರೆ ಸಾಕು.